ಸಮುದ್ರದಲ್ಲಿ ಸುಂಕದಕಟ್ಟೆ: ಪೊಮೆರೇನಿಯಾದ ಎರಿಕ್ ಎಂಬ ದೊರೆಯ ಕಥೆ

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಬಾಬ್ ಎಲ್ ಮಂದೆಬ್ ಎಂಬ ಜಲಸಂಧಿಯ ಹೆಸರು ನಮ್ಮ ಪತ್ರಿಕೆಗಳಲ್ಲೂ ದಿನನಿತ್ಯ ಕಾಣಿಸಿತು. ಸರಕು ಹಡಗುಗಳು ಆ ದಾರಿಯನ್ನೇ ಬಿಟ್ಟು ಆಫ್ರಿಕಾ ಖಂಡವನ್ನು ಸುತ್ತಿಕೊಂಡು ಹೋಗತೊಡಗಿದವು. ಹೋರ್ಮುಜ್ ಜಲಸಂಧಿಯ ಹೆಸರು ಸುದ್ದಿಯಲ್ಲಿ ಬಂದರಂತೂ ಪೆಟ್ರೋಲ್, ಗ್ಯಾಸ್ ಬೆಲೆಯ ಚಿಂತೆ ನಮ್ಮ ಅಡುಗೆಮನೆಯವರೆಗೂ ಬರುತ್ತದೆ. ಇಂಥ ಸುದ್ದಿಗಳ ನಡುವೆ ಒಂದು ಸರಳ ಪ್ರಶ್ನೆ ಏಳುತ್ತದೆ. ದಡ ನಮ್ಮದು ಎಂಬ ಕಾರಣಕ್ಕೆ, ಪಕ್ಕದ ನೀರಿನಲ್ಲಿ ಹಾದುಹೋಗುವ ಹಡಗಿನಿಂದ ಸುಂಕ ವಸೂಲಿ ಮಾಡಬಹುದೇ?

ಇವತ್ತಿನ ಉತ್ತರ: ಇಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಬರೀ ಹಾದುಹೋಗುವುದಕ್ಕೆ ಹಣ ಕೇಳುವಂತಿಲ್ಲ. ಏನಾದರೂ ಸೇವೆ ಕೊಟ್ಟರೆ ಅದಕ್ಕೆ ಶುಲ್ಕ ಪಡೆಯಬಹುದು, ಅಷ್ಟೆ. ಸೂಯೆಜ್ ಮನುಷ್ಯರು ತೋಡಿದ ಕಾಲುವೆ, ಅದರ ಲೆಕ್ಕ ಬೇರೆ.

ಆದರೆ ಯುರೋಪಿನ ಉತ್ತರದ ಒಂದು ಜಲಸಂಧಿಯಲ್ಲಿ 400 ವರ್ಷಕ್ಕೂ ಹೆಚ್ಚು ಕಾಲ ಇಂಥ ಸುಂಕ ನಡೆಯಿತು. ಹಡಗು ನಿಲ್ಲಬೇಕಿತ್ತು, ನಾಯಕ ದಡಕ್ಕೆ ಬಂದು ದುಡ್ಡು ಕಟ್ಟಬೇಕಿತ್ತು. ಕಟ್ಟದಿದ್ದರೆ ಕೋಟೆಯ ಫಿರಂಗಿ ಮಾತಾಡುತ್ತಿತ್ತು. ಅದನ್ನು ಶುರುಮಾಡಿದವನು ಪೊಮೆರೇನಿಯಾದ ಎರಿಕ್. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರಕ್ಕೂ ಏಕಕಾಲಕ್ಕೆ ಅರಸನಾಗಿದ್ದವನು, ಮೂರೂ ಕಿರೀಟಗಳನ್ನು ಬದುಕಿರುವಾಗಲೇ ಕಳೆದುಕೊಂಡವನು. ಅವನ ಕಥೆ ತಿಳಿದರೆ ಒಂದು ಇಕ್ಕಟ್ಟಾದ ನೀರದಾರಿಗೂ ನೂರಾರು ಮೈಲಿ ದೂರದ ಹಳ್ಳಿಯವನ ಉಪ್ಪಿನ ಗಡಿಗೆಗೂ ಇರುವ ನಂಟು ಚೆನ್ನಾಗಿ ಅರ್ಥವಾಗುತ್ತದೆ.

ಚಿಕ್ಕಜ್ಜಿ ತಂದುಕೊಂಡ ಹುಡುಗ

ಎರಿಕ್ ಹುಟ್ಟಿದ್ದು 1382ರ ಆಸುಪಾಸಿನಲ್ಲಿ, ಬಾಲ್ಟಿಕ್ ಸಮುದ್ರದ ದಕ್ಷಿಣ ದಡದಲ್ಲಿರುವ ದಾರ್ವೊವೊ ಎಂಬ ಊರಿನಲ್ಲಿ. ಊರು ಈಗ ಪೋಲೆಂಡಿಗೆ ಸೇರಿದೆ. ಆಗ ಅದು ಪೊಮೆರೇನಿಯಾ ಎಂಬ ಸಣ್ಣ ಸಂಸ್ಥಾನದ್ದು. ತಂದೆ ಅಲ್ಲಿನ ಡ್ಯೂಕ್. ಹುಡುಗನಿಗೆ ಇಟ್ಟ ಹೆಸರು ಬೊಗಿಸ್ಲಾವ್. ಅವನ ತಾಯಿಯ ತಾಯಿ ಡೆನ್ಮಾರ್ಕಿನ ರಾಜಕುಮಾರಿ. ಆಕೆಯ ತಂಗಿ ಮಾರ್ಗರೆಟ್.

ಮಾರ್ಗರೆಟ್ ಆ ಕಾಲದ ಉತ್ತರ ಯುರೋಪಿನ ಅತ್ಯಂತ ಚತುರ ಆಡಳಿತಗಾರ್ತಿ ಎಂದರೆ ಅತಿಶಯವಲ್ಲ. ಡೆನ್ಮಾರ್ಕ್ ಆಕೆಯ ತವರು, ನಾರ್ವೆ ಗಂಡನ ಮನೆ. 1380ರಲ್ಲಿ ಗಂಡ ತೀರಿಕೊಂಡ. ಎರಡೂ ರಾಜ್ಯಕ್ಕೆ ಅರಸನಾಗಿದ್ದ ಒಬ್ಬನೇ ಮಗ ಓಲಾಫ್ 1387ರಲ್ಲಿ, 16ರ ಹರೆಯದಲ್ಲಿ ಸತ್ತ. ಆ ದುಃಖದ ನಡುವೆಯೇ ಎರಡೂ ರಾಜ್ಯಗಳ ಗಣ್ಯರು ಆಕೆಯ ಕೈಗೆ ಅಧಿಕಾರ ಕೊಟ್ಟರು. ತಮ್ಮ ದೊರೆಯ ಮೇಲೆ ಬೇಸತ್ತಿದ್ದ ಸ್ವೀಡನ್ನಿನ ಗಣ್ಯರೂ ಆಕೆಯ ಕಡೆ ವಾಲಿದರು. 1389ರ ಒಂದು ಯುದ್ಧದಲ್ಲಿ ಆ ದೊರೆ ಸೆರೆಸಿಕ್ಕ. ಆದರೆ ಹೆಂಗಸು ಸ್ವಂತ ಹಕ್ಕಿನಿಂದ ಅರಸನ ಪಟ್ಟಕ್ಕೇರುವುದು ಅಲ್ಲಿಯ ರೂಢಿಯಲ್ಲಿರಲಿಲ್ಲ. ಪಟ್ಟಕ್ಕೆ ಒಬ್ಬ ಗಂಡು ಬೇಕಿತ್ತು. ಆಕೆ ಅಕ್ಕನ ಮೊಮ್ಮಗನನ್ನು ಕರೆತಂದಳು. ಬೊಗಿಸ್ಲಾವ್ ಎಂಬ ಹೆಸರು ಅಲ್ಲಿಯವರ ಬಾಯಿಗೆ ಒಗ್ಗದೆಂದು ಹುಡುಗ ಎರಿಕ್ ಆದ.

1389ರಲ್ಲಿ ನಾರ್ವೆ, 1396ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ಅವನನ್ನು ಅರಸನೆಂದು ಒಪ್ಪಿದವು. ಡೆನ್ಮಾರ್ಕಿನ ರಾಜರ ಪಟ್ಟಿಯಲ್ಲಿ ಅವನು 7ನೇ ಎರಿಕ್, ನಾರ್ವೆಯಲ್ಲಿ 3ನೇ ಎರಿಕ್, ಸ್ವೀಡನ್ನಿನಲ್ಲಿ 13ನೇ ಎರಿಕ್. ಮೂರೂ ಒಬ್ಬನೇ. ಪುಸ್ತಕಗಳಲ್ಲಿ ಈ ಅಂಕಿಗಳನ್ನು ನೋಡಿ ಗೊಂದಲಕ್ಕೆ ಬೀಳುವವರು ಬಹಳ ಜನ, ಹಾಗಾಗಿ ಇಲ್ಲೇ ಹೇಳಿಬಿಟ್ಟೆ.

ಒಲೆ ಮೂರು, ಯಜಮಾನ ಒಬ್ಬ

1397ರ ಜೂನ್ 17ರಂದು ಸ್ವೀಡನ್ನಿನ ಆಗ್ನೇಯ ಕರಾವಳಿಯ ಕಲ್ಮಾರ್ ಪಟ್ಟಣದಲ್ಲಿ ಎರಿಕ್‌ನಿಗೆ ಕಿರೀಟಧಾರಣೆ ಆಯಿತು. ಆಗ ಅವನಿಗೆ ಸುಮಾರು 15 ವರ್ಷ. ಅಲ್ಲಿ ರೂಪುಗೊಂಡ ಏರ್ಪಾಡಿಗೆ ಕಲ್ಮಾರ್ ಒಕ್ಕೂಟ ಎಂದು ಹೆಸರು.

ಒಕ್ಕೂಟ ಎಂದಾಕ್ಷಣ ಮೂರು ದೇಶ ಸೇರಿ ಒಂದಾದವು ಅಂದುಕೊಳ್ಳಬಾರದು. ಒಂದೇ ಸೂರಿನಡಿ ಮೂರು ಸಂಸಾರ ಇದ್ದು, ಒಲೆಗಳು ಬೇರೆಬೇರೆ ಉರಿಯುತ್ತಾ, ಯಜಮಾನ ಮಾತ್ರ ಒಬ್ಬನಿದ್ದರೆ ಹೇಗಿರುತ್ತದೋ ಹಾಗೆ. ಪ್ರತಿ ರಾಜ್ಯಕ್ಕೂ ತನ್ನದೇ ಕಾನೂನು, ತನ್ನದೇ ಪರಿಷತ್ತು. ಪರಿಷತ್ತು ಎಂದರೆ ಬಿಷಪ್‌ಗಳು ಮತ್ತು ದೊಡ್ಡ ಜಮೀನ್ದಾರರು ಕೂತು ಅರಸನಿಗೆ ಸಲಹೆ ಕೊಡುವ, ಅಗತ್ಯ ಬಿದ್ದರೆ ಅವನನ್ನು ತಡೆಯುವ ಸಭೆ. ಯುದ್ಧ ಬಂದರೆ ಮೂವರೂ ಜತೆಗೆ ನಿಲ್ಲಬೇಕು ಎಂಬುದು ಮುಖ್ಯ ಕರಾರು.

ಈ ಕರಾರು ಬರೆದ ಪತ್ರ ಈಗಲೂ ಉಳಿದಿದೆ. ಆಗಿನ ಮಹತ್ವದ ಒಪ್ಪಂದಗಳನ್ನು ಚರ್ಮದ ಹಾಳೆಯ ಮೇಲೆ ಬರೆದು, ಕೆಳಗೆ ಮುದ್ರೆಗಳನ್ನು ಇಳಿಬಿಡುತ್ತಿದ್ದರು. ಇದು ಬರೀ ಕಾಗದದ ಮೇಲಿದೆ, ಮುದ್ರೆಗಳನ್ನು ಹಾಳೆಯ ಮೇಲೇ ಒತ್ತಿದ್ದಾರೆ. ಹಾಗಾದರೆ ಅದು ಜಾರಿಗೆ ಬಂದ ಒಪ್ಪಂದವೋ, ಕೈಬಿಟ್ಟ ಕರಡೋ? ಇತಿಹಾಸಕಾರರು ಇನ್ನೂ ವಾದಿಸುತ್ತಿದ್ದಾರೆ.

ವಿಸ್ತಾರದಲ್ಲಿ ಮಾತ್ರ ಇದು ಬೃಹತ್ ರಾಜ್ಯ. ಫಿನ್‌ಲ್ಯಾಂಡ್ ಆಗ ಸ್ವೀಡನ್ನಿನ ಭಾಗ. ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ನಾರ್ವೆಗೆ ಸೇರಿದ್ದವು. ರಷ್ಯಾದ ಗಡಿಯಿಂದ ಗ್ರೀನ್‌ಲ್ಯಾಂಡಿನವರೆಗೆ ಒಬ್ಬನೇ ಅರಸ.

ಅರಸ ಎರಿಕ್ ಆದರೂ ಆಡಳಿತ ನಡೆಸಿದ್ದು ಚಿಕ್ಕಜ್ಜಿ. 1405ರಲ್ಲಿ, ವಯಸ್ಸು 20 ದಾಟಿದ್ದ ಎರಿಕ್ ನಾರ್ವೆಗೆ ಹೊರಟಾಗ ಆಕೆ ಲಿಖಿತ ಸೂಚನೆಗಳನ್ನೇ ಕೊಟ್ಟು ಕಳಿಸಿದ್ದಳು: ಯಾರಿಗೆ ಹೇಗೆ ಉತ್ತರಿಸಬೇಕು, ಯಾವ ದೊಡ್ಡ ತೀರ್ಮಾನವನ್ನು ತಡೆಹಿಡಿಯಬೇಕು ಎಂದೆಲ್ಲ. ಮರುವರ್ಷ ಇಂಗ್ಲೆಂಡಿನ ದೊರೆ 4ನೇ ಹೆನ್ರಿಯ ಮಗಳು ಫಿಲಿಪ್ಪಾ ಜತೆ ಅವನ ಮದುವೆ. ವಧುವಿಗೆ ಆಗ 12 ವರ್ಷ. ಬಿಳಿ ರೇಷ್ಮೆ ಉಟ್ಟು ಮದುವೆಯಾದ ಮೊದಲ ರಾಜಕುಮಾರಿ ಎಂದು ದಾಖಲೆಗಳಲ್ಲಿ ಸಿಗುವ ಹೆಸರು ಅವಳದೇ. ಈ ಹುಡುಗಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾಳೆ.

1412ರ ಅಕ್ಟೋಬರ್‌ನಲ್ಲಿ ಫ್ಲೆನ್ಸ್‌ಬೋರ್ಗ್ ಬಂದರಿನಲ್ಲಿ, ಹಡಗಿನಲ್ಲೇ ಮಾರ್ಗರೆಟ್ ತೀರಿಕೊಂಡಳು. ಎರಿಕ್ ಸ್ವಂತ ಬುದ್ಧಿಯಿಂದ ಆಳಲು ಶುರುಮಾಡಿದ್ದು ಅಂದಿನಿಂದ.

ಮುಗಿಯದ ಗಡಿಜಗಳ

ಡೆನ್ಮಾರ್ಕಿನ ದಕ್ಷಿಣಕ್ಕೆ ಶ್ಲೆಸ್ವಿಗ್ ಎಂಬ ಪ್ರದೇಶ. ಅದನ್ನು ಡೆನ್ಮಾರ್ಕಿನ ದೊರೆ ಪಕ್ಕದ ಹೋಲ್‌ಸ್ಟೈನಿನ ಜರ್ಮನ್ ಕುಲೀನರಿಗೆ ಕೊಟ್ಟಿದ್ದ. ನಮ್ಮ ಪಾಳೆಯಪಟ್ಟಿನಂಥದ್ದೇ ವ್ಯವಸ್ಥೆ: ನೆಲ ಅರಸನದು, ಅನುಭವಿಸುವವನು ಪಾಳೆಯಗಾರ, ಪ್ರತಿಯಾಗಿ ಅವನು ಅರಸನಿಗೆ ನಿಷ್ಠನಾಗಿರಬೇಕು. 1404ರಲ್ಲಿ ಅಲ್ಲಿಯ ಡ್ಯೂಕ್ ಯುದ್ಧದಲ್ಲಿ ಸತ್ತ. ಮಕ್ಕಳು ಚಿಕ್ಕವರು. ಆಗ ಎದ್ದ ಪ್ರಶ್ನೆ: ಪಾಳೆಯಪಟ್ಟು ಮಕ್ಕಳಿಗೆ ತಾನಾಗಿಯೇ ಹೋಗುತ್ತದೋ, ಅಥವಾ ಅರಸ ಹೊಸದಾಗಿ ಕೊಡಬೇಕೋ?

ಅರಸನಿಗೆ ವಾಪಸ್ಸು ಬರಬೇಕು ಎಂದ ಎರಿಕ್. ಕಾಗದಪತ್ರದಲ್ಲಿ ಅವನು ಗೆದ್ದ. 1413ರಲ್ಲಿ ಡೆನ್ಮಾರ್ಕಿನ ಸಭೆ ಅವನ ಪರ ತೀರ್ಪು ಕೊಟ್ಟಿತು. 1424ರಲ್ಲಿ ಜರ್ಮನ್ ನಾಡುಗಳ ಮೇಲಿನ ಒಡೆಯ ಸಿಗಿಸ್ಮಂಡ್ ಕೂಡ ಅವನ ಪರವೇ ತೀರ್ಪಿತ್ತ. ನೆಲದ ಮೇಲೆ ಮಾತ್ರ ಎದುರಾಳಿಗಳು ಕದಲಲಿಲ್ಲ. ಸುಮಾರು 25 ವರ್ಷ, ನಡುನಡುವೆ ವಿರಾಮ ಕೊಟ್ಟು, ಈ ಯುದ್ಧ ನಡೆಯಿತು. ಕೋಟೆ, ಕೂಲಿ ಸೈನಿಕರು, ಹಡಗು, ಮದ್ದುಗುಂಡು ಎಲ್ಲಕ್ಕೂ ದುಡ್ಡು ಬೇಕು. ಮೂರೂ ರಾಜ್ಯಗಳಲ್ಲಿ ತೆರಿಗೆ ಏರಿತು. ಅದೂ ಸಾಲಲಿಲ್ಲ.

ಸಮುದ್ರದ ತೂಬಿನ ಬಾಯಲ್ಲಿ

ಬಾಲ್ಟಿಕ್ ಸಮುದ್ರವನ್ನು ಒಂದು ದೊಡ್ಡ ಕೆರೆ ಎಂದುಕೊಳ್ಳಿ. ಸುತ್ತ ಜರ್ಮನಿ, ಪೋಲೆಂಡ್, ಎಸ್ಟೋನಿಯಾ, ಫಿನ್‌ಲ್ಯಾಂಡ್, ಸ್ವೀಡನ್. ಈ ಕೆರೆಯಿಂದ ಅಟ್ಲಾಂಟಿಕ್ ಕಡೆಗೆ ಹೋಗಲು ಮೂರೇ ತೂಬು, ಮೂರೂ ಡೆನ್ಮಾರ್ಕಿನ ದ್ವೀಪಗಳ ಪಕ್ಕದಲ್ಲಿ. ಹಡಗುಗಳು ಹೆಚ್ಚಾಗಿ ಹಿಡಿಯುತ್ತಿದ್ದದ್ದು ಓರೆಸುಂಡ್ ಎಂಬ ದಾರಿ. ಅದರ ಅತಿ ಕಿರಿದಾದ ಜಾಗದಲ್ಲಿ ಅಗಲ ಸುಮಾರು 4 ಕಿಲೋಮೀಟರ್. ಈ ಕಡೆ ಹೆಲ್ಸಿಂಗೋರ್, ಆ ಕಡೆ ಹೆಲ್ಸಿಂಗ್‌ಬೋರ್ಗ್. ಇವತ್ತು ಎರಡನೆಯದು ಸ್ವೀಡನ್ನಿನಲ್ಲಿದೆ. ಆಗ ಎರಡೂ ದಡ ಡೆನ್ಮಾರ್ಕಿನವೇ. ನಾನು ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯ ಎಂದು ನಂಬಿರುವುದು ಈ ಒಂದು ಭೌಗೋಳಿಕ ಸಂಗತಿಯನ್ನು.

ಒಳಗಿನಿಂದ ಹೊರಗೆ ಧಾನ್ಯ, ಮರಮುಟ್ಟು, ಡಾಂಬರು, ಸೆಣಬು, ಜೇನುಮೇಣ, ತುಪ್ಪುಳು ಚರ್ಮ. ಹೊರಗಿನಿಂದ ಒಳಗೆ ಉಪ್ಪು, ದ್ರಾಕ್ಷಾರಸ, ಬಟ್ಟೆ. ಎಲ್ಲವೂ ಆ ಕಿರುದಾರಿಯಲ್ಲೇ ಹೋಗಬೇಕು. ಎರಿಕ್ ಹೆಲ್ಸಿಂಗೋರ್‌ನಲ್ಲಿ ಕ್ರೋಗೆನ್ ಎಂಬ ಕೋಟೆ ಕಟ್ಟಿಸಿದ, 1426ರಲ್ಲಿ ಊರಿಗೆ ಪೇಟೆಯ ಹಕ್ಕು ಕೊಟ್ಟ. ದಕ್ಷಿಣಕ್ಕೆ ಅದೇ ನೀರದಾರಿಯ ಮೇಲಿರುವ ಕೋಪನ್‌ಹೇಗನ್ ಆವರೆಗೆ ಬಿಷಪ್‌ನ ಕೈಯಲ್ಲಿತ್ತು. ಎರಿಕ್ ಅದನ್ನು ತನ್ನ ವಶಕ್ಕೆ ತಂದುಕೊಂಡಿದ್ದ. ಓರೆಸುಂಡ್ ಸುಂಕ ಶುರುವಾದದ್ದು ಸಾಮಾನ್ಯವಾಗಿ 1429 ಎಂದು ಲೆಕ್ಕ.

ಮೊದಲ ನಿಯಮ ಸರಳ. ಹಡಗು ದೊಡ್ಡದಿರಲಿ ಚಿಕ್ಕದಿರಲಿ, ಒಂದಕ್ಕೆ ಒಂದು ನೋಬೆಲ್. ನೋಬೆಲ್ ಎಂದರೆ ಆಗ ಎಲ್ಲೆಡೆ ಚಲಾವಣೆಯಲ್ಲಿದ್ದ ಇಂಗ್ಲೆಂಡಿನ ಚಿನ್ನದ ನಾಣ್ಯ. ಹೆಲ್ಸಿಂಗೋರ್ ಎದುರು ಲಂಗರು ಹಾಕಿ, ಸಣ್ಣ ದೋಣಿಯಲ್ಲಿ ದಡಕ್ಕೆ ಬಂದು, ನಾಣ್ಯ ಎಣಿಸಿ ಹೋಗಬೇಕು. ಗಾಳಿ ಅನುಕೂಲವಾಗಿದೆ, ತಡವಾಗುತ್ತದೆ, ಸರಕು ಕೆಡುತ್ತದೆ ಎಂದು ಗೋಗರೆದರೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೇ.

ಕಾಲಕ್ರಮೇಣ ಲೆಕ್ಕ ಬದಲಾಯಿತು. 1567ರಿಂದ ಸರಕಿನ ಪ್ರಮಾಣ ನೋಡಿ ಸುಂಕ ಹಾಕತೊಡಗಿದರು. ಸರಕಿನ ಬೆಲೆ ನೋಡಿ ಹಾಕುವ ಸುಂಕವೂ ಇತ್ತು; ಆಗ ನಾಯಕ ಬೆಲೆ ತಗ್ಗಿಸಿ ಹೇಳಿದರೆ ಏನು ಮಾಡುವುದು? ಅದಕ್ಕೊಂದು ಜಾಣ ಉಪಾಯವಿತ್ತು. ನಾಯಕ ಹೇಳಿದ ಬೆಲೆಗೇ ಆ ಸರಕನ್ನು ಕೊಳ್ಳುವ ಹಕ್ಕು ದೊರೆಗೆ ಇತ್ತು. ಕಡಿಮೆ ಹೇಳಿದರೆ ಸರಕೇ ಕೈಬಿಟ್ಟು ಹೋದೀತು, ಹೆಚ್ಚು ಹೇಳಿದರೆ ಸುಂಕ ಏರೀತು. ನಿಜ ಹೇಳುವುದೇ ಲಾಭ. ತಪಾಸಣೆಗೆ ನೂರು ಜನರನ್ನು ನೇಮಿಸುವ ಬದಲು ಒಂದು ನಿಯಮದಿಂದ ಕೆಲಸ ಆಯಿತು.

ಇನ್ನೊಂದು ಸೂಕ್ಷ್ಮ. ತೆರಿಗೆ ಏರಿಸಬೇಕಾದರೆ ಅರಸ ಪರಿಷತ್ತನ್ನು ಒಪ್ಪಿಸಬೇಕು. ಈ ಸುಂಕ ನೇರವಾಗಿ ದೊರೆಯ ಸ್ವಂತ ಬೊಕ್ಕಸಕ್ಕೆ ಬರುತ್ತಿತ್ತು. ಯಾರನ್ನೂ ಕೇಳಬೇಕಿಲ್ಲ. ಡೆನ್ಮಾರ್ಕಿನ ಮುಂದಿನ ಅರಸರು ತಮ್ಮ ಗಣ್ಯರ ಎದುರು ಬಲವಾಗಿ ನಿಂತದ್ದಕ್ಕೆ ಇದು ದೊಡ್ಡ ಕಾರಣ.

ಉಪ್ಪು, ಮೀನು ಮತ್ತು ಹಾನ್ಸಾ

ಈ ಸಮುದ್ರದ ವ್ಯಾಪಾರ ಯಾವ ಅರಸನ ಕೈಯಲ್ಲೂ ಇರಲಿಲ್ಲ. ಜರ್ಮನಿಯ ಲ್ಯೂಬೆಕ್ ಪಟ್ಟಣದ ಮುಂದಾಳತ್ವದ ಹಾನ್ಸಾ ಎಂಬ ಪಟ್ಟಣಗಳ ಕೂಟದ ಕೈಯಲ್ಲಿತ್ತು. ವರ್ತಕರ ಸಂಘವೊಂದಕ್ಕೆ ಸ್ವಂತ ಹಡಗು, ಸ್ವಂತ ನೌಕಾಬಲ, ರಾಜರ ಜತೆ ಸಂಧಿ ಮಾಡಿಕೊಳ್ಳುವ ತಾಕತ್ತು ಇದ್ದರೆ ಹೇಗೋ ಹಾಗೆ. ಅವರ ಬಲದ ಗುಟ್ಟು ಉಪ್ಪು. ಲ್ಯೂನೆಬುರ್ಗ್ ಎಂಬ ಊರಿನ ಉಪ್ಪನ್ನು ಲ್ಯೂಬೆಕ್‌ನವರು ಉತ್ತರಕ್ಕೆಲ್ಲ ಒಯ್ಯುತ್ತಿದ್ದರು. ಆ ಉಪ್ಪಿನಲ್ಲೇ ಓರೆಸುಂಡ್ ದಡದ ಹೆರಿಂಗ್ ಮೀನು ಪೀಪಾಯಿಗಳಲ್ಲಿ ಕೂತು, ಕ್ರೈಸ್ತರು ಮಾಂಸ ಬಿಡುವ ವ್ರತದ ದಿನಗಳಿಗಾಗಿ ಯುರೋಪಿಗೆಲ್ಲ ಹೋಗುತ್ತಿತ್ತು. ಉದ್ದ ಚಳಿಗಾಲದ ನಾಡಿನಲ್ಲಿ ಮೀನು, ಮಾಂಸ, ಬೆಣ್ಣೆ ಎಲ್ಲ ಉಳಿಯುವುದು ಉಪ್ಪಿನಿಂದ. ಉಪ್ಪು ನಿಂತರೆ ಊಟ ನಿಂತಂತೆ.

ಎರಿಕ್ ಈ ವರ್ತಕರ ಹಿಡಿತ ಸಡಿಲಿಸಲು ಇಂಗ್ಲಿಷ್, ಡಚ್ ವ್ಯಾಪಾರಿಗಳಿಗೆ ಉತ್ತೇಜನ ಕೊಟ್ಟ, ತನ್ನ ಪಟ್ಟಣಗಳನ್ನು ಬೆಳೆಸಿದ. 1426ರಲ್ಲಿ ಹಾನ್ಸಾ ಪಟ್ಟಣಗಳು ಹೋಲ್‌ಸ್ಟೈನಿನ ಜತೆ ಸೇರಿ ಅವನ ಮೇಲೆ ಯುದ್ಧ ಸಾರಿದವು. 1428ರಲ್ಲಿ ಅವರ ಹಡಗುಗಳು ಕೋಪನ್‌ಹೇಗನ್ ಮೇಲೆ ಗುಂಡು ಹಾರಿಸಿದವು. ನಗರದ ರಕ್ಷಣೆಗೆ ಜನರನ್ನು ಹುರಿದುಂಬಿಸಿ ನಿಂತದ್ದು ರಾಣಿ ಫಿಲಿಪ್ಪಾ ಎಂದು ಡ್ಯಾನಿಷರು ಇಂದಿಗೂ ಸ್ಮರಿಸುತ್ತಾರೆ. ಅದಕ್ಕೂ ಮೊದಲು, 1423ರಿಂದ 1425ರವರೆಗೆ ಎರಿಕ್ ಸಿಗಿಸ್ಮಂಡ್‌ನ ಆಸ್ಥಾನಕ್ಕೂ ಅಲ್ಲಿಂದ ಜೆರುಸಲೇಮಿನ ಯಾತ್ರೆಗೂ ಹೋಗಿದ್ದಾಗ ಮೂರು ರಾಜ್ಯದ ಆಡಳಿತ ನಡೆಸಿದವಳೂ ಅವಳೇ. ಮುಂದೆ 2ನೇ ಪಿಯುಸ್ ಎಂಬ ಹೆಸರಿನಲ್ಲಿ ಪೋಪ್ ಆದ ಎನಿಯಾ ಸಿಲ್ವಿಯೊ ಎಂಬ ಇಟಲಿಯ ಬರಹಗಾರ ಎರಿಕ್‌ನ ಹೊಂಗೂದಲು, ರಿಕಾಪು ಮುಟ್ಟದೆ ಕುದುರೆ ಏರುವ ಚಳಕವನ್ನೆಲ್ಲ ವರ್ಣಿಸಿದ್ದಾನೆ. 1430ರ ಜನವರಿಯಲ್ಲಿ, 35ರ ಪ್ರಾಯದಲ್ಲಿ ಫಿಲಿಪ್ಪಾ ತೀರಿಕೊಂಡಳು. ಎರಿಕ್‌ನ ಅತ್ಯಂತ ಸಮರ್ಥ ಸಹಾಯಕಿ ಇಲ್ಲವಾದಳು. ಮಕ್ಕಳಿರಲಿಲ್ಲ.

ಗಣಿನಾಡಿನ ಸಿಟ್ಟು

ಯುದ್ಧದ ಪೆಟ್ಟು ಬಿದ್ದದ್ದು ಯುದ್ಧ ನಡೆದ ಜಾಗದಿಂದ ಬಹಳ ದೂರದಲ್ಲಿ. ಸ್ವೀಡನ್ನಿನ ಒಳನಾಡಿನ ದಾಲಾರ್ನಾ, ವೆಸ್ಟ್‌ಮನ್‌ಲ್ಯಾಂಡ್ ಕಬ್ಬಿಣ, ತಾಮ್ರದ ಗಣಿಗಳ ಸೀಮೆ. ಲೋಹ ಕೊಳ್ಳುತ್ತಿದ್ದವರು, ಉಪ್ಪು ತರುತ್ತಿದ್ದವರು ಇಬ್ಬರೂ ಹಾನ್ಸಾ ವರ್ತಕರೇ. ಹಾನ್ಸಾ ವ್ಯಾಪಾರ ತಡೆದಾಗ ಲೋಹ ಹೊರಗೆ ಹೋಗಲಿಲ್ಲ, ಉಪ್ಪು ಒಳಗೆ ಬರಲಿಲ್ಲ. ತೆರಿಗೆ ಮಾತ್ರ ನಿಲ್ಲಲಿಲ್ಲ.

ತೆರಿಗೆ ಎತ್ತುತ್ತಿದ್ದವರು ಅರಸ ನೇಮಿಸಿದ ಅಮಲ್ದಾರರು, ಹಲವರು ಡೆನ್ಮಾರ್ಕ್, ಜರ್ಮನಿ ಕಡೆಯವರು. ಸ್ವೀಡನ್ನಿನ ಕೋಟೆಗಳನ್ನು ಸ್ವೀಡನ್ನಿನವರಿಗೇ ಕೊಡಬೇಕೆಂಬ ಗಣ್ಯರ ಬೇಡಿಕೆಗೆ ಎರಿಕ್ ಕಿವಿಗೊಡಲಿಲ್ಲ. ದಾಲಾರ್ನಾದ ಅಮಲ್ದಾರ ಯೋಸ್ಸೆ ಎರಿಕ್ಸನ್ ಮೇಲಂತೂ ಜನ ಕುದಿಯುತ್ತಿದ್ದರು. ಗಣಿ ಒಡೆಯರ ಪೈಕಿಯ ಎಂಗೆಲ್‌ಬ್ರೆಕ್ಟ್ ಎಂಬವನು ಅರಸನ ಬಳಿಗೇ ಹೋಗಿ ದೂರು ಕೊಟ್ಟ, ಫಲ ಸಿಗಲಿಲ್ಲ ಎಂದು ಆ ಕಾಲದ ವೃತ್ತಾಂತ ಹೇಳುತ್ತದೆ.

1434ರ ಬೇಸಿಗೆಯಲ್ಲಿ ದಾಲಾರ್ನಾದ ಜನ ಬೋರ್ಗನೆಸ್ ಕೋಟೆಗೆ ಬೆಂಕಿ ಇಟ್ಟರು. ಅಲ್ಲಿಂದ ದಂಗೆ ಸ್ವೀಡನ್ ತುಂಬ ಹಬ್ಬಿತು. ಅದೇ ಆಗಸ್ಟ್‌ನಲ್ಲಿ ಎಂಗೆಲ್‌ಬ್ರೆಕ್ಟ್ ಪರಿಷತ್ತಿನವರನ್ನು ಬೆದರಿಸಿ, ಅರಸನಿಗೆ ಕೊಟ್ಟ ನಿಷ್ಠೆಯನ್ನು ಹಿಂತೆಗೆದುಕೊಳ್ಳುವ ಪತ್ರ ಬರೆಸಿದ. 1435ರ ಜನವರಿಯಲ್ಲಿ ಅರ್ಬೋಗಾದ ಸಭೆ ಅವನನ್ನು ನಾಡಿನ ಸೇನಾನಿಯನ್ನಾಗಿ ಆರಿಸಿತು. ಆ ಸಭೆಯನ್ನು ಸ್ವೀಡನ್ನಿನ ಮೊದಲ ಸಂಸತ್ತು ಎಂದು ಹಲವರು ಕರೆಯುತ್ತಾರೆ.

1436ರ ವಸಂತದಲ್ಲಿ ಎಂಗೆಲ್‌ಬ್ರೆಕ್ಟ್‌ನನ್ನು ವೈರಿಯೊಬ್ಬ ಸರೋವರದ ನಡುಗಡ್ಡೆಯೊಂದರಲ್ಲಿ ಕೊಂದ. ಅದೇ ವರ್ಷ ಮಠದಲ್ಲಿ ಆಶ್ರಯ ಪಡೆದಿದ್ದ ಯೋಸ್ಸೆ ಎರಿಕ್ಸನ್‌ನನ್ನು ರೈತರು ಹೊರಗೆಳೆದು ತಲೆ ಕಡಿದರು. ನಾರ್ವೆಯಲ್ಲೂ ದಂಗೆ ಎದ್ದಿತು. ಇದರ ನಡುವೆ 1435ರಲ್ಲಿ ಎರಿಕ್ ವೈರಿಗಳ ಜತೆ ಸಂಧಿ ಮಾಡಿಕೊಳ್ಳಲೇಬೇಕಾಯಿತು. ಶ್ಲೆಸ್ವಿಗ್ ಹೋಲ್‌ಸ್ಟೈನಿನವರ ಕೈಯಲ್ಲೇ ಉಳಿಯಿತು, ಲ್ಯೂಬೆಕ್ ಮತ್ತು ಅದರ ನೆರೆಯ ಪಟ್ಟಣಗಳಿಗೆ ಸುಂಕದಿಂದ ವಿನಾಯಿತಿ ಸಿಕ್ಕಿತು. ಇಪ್ಪತ್ತೈದು ವರ್ಷ ಯಾವುದಕ್ಕಾಗಿ ಹೊಡೆದಾಡಿದನೋ ಅದನ್ನೇ ಬಿಟ್ಟುಕೊಟ್ಟ ಹಾಗಾಯಿತು.

ದ್ವೀಪದಲ್ಲಿ ಹತ್ತು ವರ್ಷ

ಕೊನೆಯ ಜಗಳ ಉತ್ತರಾಧಿಕಾರಿಯದು. ತನ್ನ ನಂತರ ಪೊಮೆರೇನಿಯಾದ ದಾಯಾದಿ ಬೊಗಿಸ್ಲಾವ್‌ನನ್ನು ಅರಸನಾಗಿ ಒಪ್ಪಬೇಕೆಂದು ಎರಿಕ್ ಹಠ ಹಿಡಿದ. ಅರಸನನ್ನು ಆರಿಸುವುದು ತಮ್ಮ ಹಕ್ಕು ಎಂದಿತು ಡೆನ್ಮಾರ್ಕಿನ ಪರಿಷತ್ತು. ಎರಿಕ್ ಮುನಿದು ಬಾಲ್ಟಿಕ್ ನಡುವಿನ ಗೋಟ್‌ಲ್ಯಾಂಡ್ ದ್ವೀಪಕ್ಕೆ ಹೋಗಿ, ತಾನೇ ಕಟ್ಟಿಸಿದ್ದ ವಿಸ್‌ಬೋರ್ಗ್ ಕೋಟೆ ಸೇರಿಕೊಂಡ. 1439ರಲ್ಲಿ ಡೆನ್ಮಾರ್ಕ್, ಸ್ವೀಡನ್ ಎರಡೂ ಅವನನ್ನು ಪಟ್ಟದಿಂದ ಇಳಿಸಿದವು. ನಾರ್ವೆ ಕೊನೆಯವರೆಗೆ ಅವನ ಪರ ನಿಂತು, 1442ರಲ್ಲಿ ಹೊಸ ಅರಸನನ್ನು ಒಪ್ಪಿತು. ಆ ಹೊಸ ಅರಸ ಬವೇರಿಯಾದ ಕ್ರಿಸ್ಟೋಫರ್, ಎರಿಕ್‌ನ ಒಡಹುಟ್ಟಿದವಳ ಮಗ.

ಕಿರೀಟಗಳಿಲ್ಲದ ಎರಿಕ್ ಮುಂದಿನ ಹತ್ತು ವರ್ಷ ಗೋಟ್‌ಲ್ಯಾಂಡಿನಲ್ಲಿ ಕೂತು ವ್ಯಾಪಾರಿ ಹಡಗುಗಳನ್ನು ದೋಚಿಸಿದ. ಹಡಗುಗಳಿಂದ ಸುಂಕ ಪಡೆಯುತ್ತಿದ್ದವನು ಕಡಲ್ಗಳ್ಳರ ಒಡೆಯನಾದ. 1448ರಲ್ಲಿ ಸ್ವೀಡನ್ನಿನ ಸೈನ್ಯ ದ್ವೀಪಕ್ಕೆ ಮುತ್ತಿಗೆ ಹಾಕಿದಾಗ ಅವನು ಡೆನ್ಮಾರ್ಕಿನ ಹೊಸ ದೊರೆಯ ಜತೆ ಮಾತಾಡಿ, 1449ರಲ್ಲಿ ಕೋಟೆಯನ್ನು ಡ್ಯಾನಿಷರಿಗೆ ಒಪ್ಪಿಸಿ ಹುಟ್ಟೂರಿಗೆ ಮರಳಿದ. ಉಳಿದ ಹತ್ತು ವರ್ಷ ಅಲ್ಲಿಯ ಸಣ್ಣ ಸಂಸ್ಥಾನದ ಡ್ಯೂಕ್ ಆಗಿ ಬದುಕಿ, 1459ರಲ್ಲಿ ತೀರಿಕೊಂಡ. ಸಮಾಧಿ ದಾರ್ವೊವೊದ ಸಂತ ಮೇರಿ ಚರ್ಚಿನಲ್ಲಿದೆ.

ಸುಂಕ ನಿಂತದ್ದು ಯಾವಾಗ?

ಎರಿಕ್ ಹೋದರೂ ಅವನ ಸುಂಕವನ್ನು ಮುಂದಿನ ಯಾವ ದೊರೆಯೂ ಬಿಡಲಿಲ್ಲ. 16, 17ನೇ ಶತಮಾನದ ಉಚ್ಛ್ರಾಯದಲ್ಲಿ ಡೆನ್ಮಾರ್ಕಿನ ಆದಾಯದ ಮೂರನೇ ಎರಡು ಭಾಗದವರೆಗೂ ಈ ಸುಂಕವೇ ತಂದುಕೊಟ್ಟಿದ್ದುಂಟು. ಕ್ರೋಗೆನ್ ಇದ್ದ ಜಾಗದಲ್ಲಿ ಕ್ರೋನ್‌ಬೋರ್ಗ್ ಎಂಬ ವೈಭವದ ಕೋಟೆ ಎದ್ದಿತು. 1620ರಲ್ಲಿ ಡ್ಯಾನಿಷರು ತಮಿಳುನಾಡಿನ ತರಂಗಂಬಾಡಿಗೆ ಬಂದು ಕೋಟೆ ಕಟ್ಟಿದಾಗ ಅವರ ದೊರೆಯಾಗಿದ್ದ 4ನೇ ಕ್ರಿಶ್ಚಿಯನ್‌ನ ಬೊಕ್ಕಸ ತುಂಬುತ್ತಿದ್ದದ್ದೂ ಇದರಿಂದಲೇ. 1658ರಲ್ಲಿ ಆಚೆ ದಡ ಸ್ವೀಡನ್ನಿನ ಪಾಲಾಯಿತು; ಆದರೂ ಸುಂಕ ನಡೆಯಿತು. 1497ರಿಂದ ಉಳಿದಿರುವ ಸುಂಕದ ಪುಸ್ತಕಗಳಲ್ಲಿ 18 ಲಕ್ಷದಷ್ಟು ಹಡಗು ಪ್ರಯಾಣಗಳ ಲೆಕ್ಕವಿದೆ: ನಾಯಕನ ಹೆಸರು, ಊರು, ಸರಕು. ಯುರೋಪಿನ ವ್ಯಾಪಾರದ ಚರಿತ್ರೆ ಬರೆಯುವವರಿಗೆ ಇದು ಚಿನ್ನದ ಗಣಿ.

19ನೇ ಶತಮಾನದಲ್ಲಿ, ಸಮುದ್ರ ಎಲ್ಲರಿಗೂ ಮುಕ್ತವಾಗಿರಬೇಕೆಂಬ ವಾದ ಬಲವಾಯಿತು. ಅಮೆರಿಕ ಇನ್ನು ಕಟ್ಟುವುದಿಲ್ಲ ಎಂದಿತು. 1857ರ ಮಾರ್ಚ್ 14ರಂದು ಕೋಪನ್‌ಹೇಗನ್‌ನಲ್ಲಿ ಒಪ್ಪಂದವಾಗಿ, ವ್ಯಾಪಾರ ಮಾಡುವ ದೇಶಗಳು ಡೆನ್ಮಾರ್ಕಿಗೆ ಒಂದೇ ಬಾರಿಯ ಪರಿಹಾರ ಕೊಟ್ಟು ಸುಂಕವನ್ನು ಕೊನೆಗೊಳಿಸಿದವು.

ಎರಿಕ್‌ನ ಗುರುತೊಂದು ನಮ್ಮ ರಸ್ತೆಗಳಲ್ಲೂ ಓಡಾಡಿದೆ. ಪೊಮೆರೇನಿಯಾದ ರಾಜಮನೆತನದ ಲಾಂಛನ ಗ್ರಿಫಿನ್, ಅಂದರೆ ಹದ್ದಿನ ತಲೆ, ಸಿಂಹದ ಮೈಯ ಕಲ್ಪನೆಯ ಪ್ರಾಣಿ. 1437ರಲ್ಲಿ ಎರಿಕ್ ಅದರ ತಲೆಯನ್ನು ಈಗ ಸ್ವೀಡನ್ನಿನಲ್ಲಿರುವ ಮಾಲ್ಮೋ ನಗರಕ್ಕೆ ಲಾಂಛನವಾಗಿ ಕೊಟ್ಟ. ಮಾಲ್ಮೋದಿಂದ ಅದು ಸ್ಕೋನೆ ಪ್ರಾಂತ್ಯದ ಗುರುತಾಯಿತು. ಪ್ರಾಂತ್ಯದ ಲ್ಯಾಟಿನ್ ಹೆಸರು ಸ್ಕಾನಿಯಾ; ಆ ಹೆಸರಿನ ಜತೆ ಕಿರೀಟ ತೊಟ್ಟ ಗ್ರಿಫಿನ್ ಕೂಡ ಅಲ್ಲಿಯ ವಾಹನ ಕಂಪನಿಗೆ ಬಂತು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಕಾರ್ಖಾನೆ ತೆರೆದದ್ದು, ಕೆಎಸ್‌ಆರ್‌ಟಿಸಿಯ ಐರಾವತ ಬಸ್ಸುಗಳಲ್ಲಿ ಕೆಲವನ್ನು ಒದಗಿಸಿದ್ದು ಅದೇ ಕಂಪನಿ. ಆ ಬಸ್ಸುಗಳಲ್ಲಿ ಸಾರಿಗೆ ಸಂಸ್ಥೆಯ ಗುರುತಾಗಿ ಮೈಸೂರಿನ ಗಂಡಭೇರುಂಡ, ಕಂಪನಿಯ ಗುರುತಾಗಿ ಎರಿಕ್‌ನ ಗ್ರಿಫಿನ್.